32 ಸೆಕೆಂಡಿಗೆ ಫೋನ್ ಇಟ್ಟವರು ಯಾರು?

ಶಿರಸಿಯಲ್ಲಿ ಪರಿಚಯದವರೊಬ್ಬರು ತಮ್ಮ ಅಡಿಕೆ ವಖಾರಿಗೆ ಇಂಟರ್ನೆಟ್ ಫೋನ್ ಹಾಕಿಸಿದ್ದರು. ಹೊರಗಿನಿಂದ ಬಂದ ಕರೆ ಎತ್ತಿದರೆ ಅರ್ಧ ನಿಮಿಷಕ್ಕೆ ಕಟ್. "ರಾಶಿ ಅಡಿಕೆ ಇವತ್ತು ಎಷ್ಟಕ್ಕೆ ಹೋಯ್ತು" ಅಂತ ಕೇಳಿ ಉತ್ತರ ಸಿಗುವಷ್ಟರಲ್ಲಿ ಲೈನೇ ಇಲ್ಲ. ಬೇಕಂತಲೇ ಇಟ್ಟರು ಅಂತ ರೈತರಿಗೆ ಸಿಟ್ಟು. ನಾನು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂತೆ. ಪ್ರತಿ ಸಲವೂ 32 ಸೆಕೆಂಡು.

ಫೋನ್ ಇಡುವುದರಲ್ಲಿ ಏನಿದೆ ಅನಿಸುತ್ತದೆ, ಅಲ್ವಾ? ಹೊನ್ನಾವರದ ನಮ್ಮ ಅತ್ತೆ "ಆತು, ಇಡ್ತೆ" ಅಂತ ಮೂರು ಸಲ ಹೇಳಿದ ಮೇಲೂ ಇಡುವುದಿಲ್ಲ. ಈ ಕಡೆಯಿಂದ "ಹ್ಞೂಂ, ಇಡಿ" ಅನ್ನುವುದು ಕೇಳಬೇಕು ಅವರಿಗೆ. ಯಂತ್ರಗಳ ಕಷ್ಟವೂ ಅದೇ: ಮುಗಿಯಿತು ಅಂತ ಯಾರು ಹೇಳಬೇಕು, ಹೇಳಿದ್ದು ಆ ಕಡೆ ಕೇಳಿಸಿತಾ?

ಆಪರೇಟರ್ ಇದ್ದ ಕಾಲದಲ್ಲಿ ರಿಸೀವರ್ ಇಟ್ಟರೆ ಅವರ ಬೋರ್ಡಿನಲ್ಲಿ ದೀಪ ಹೊತ್ತುತ್ತಿತ್ತು, ಅವರು ವೈರ್ ಕೀಳುತ್ತಿದ್ದರು. ಆಮೇಲೆ ಬಂದ, ಆಪರೇಟರ್ ಇಲ್ಲದೆ ತಾನೇ ಲೈನ್ ಜೋಡಿಸುವ ಸ್ಟ್ರೋಜರ್ ಎಕ್ಸ್‌ಚೇಂಜಿನಲ್ಲಿ ಸಾಮಾನ್ಯವಾಗಿ ಕರೆ ಮಾಡಿದವನದೇ ಯಜಮಾನಿಕೆ. ಅವನು ಇಡುವ ತನಕ ಲೈನ್ ಬಿಡುತ್ತಿರಲಿಲ್ಲ.

ಅಮೆರಿಕದ ದೂರದ ಲೈನುಗಳಲ್ಲಿ ಇನ್ನೊಂದು ತಮಾಷೆ ಆಯಿತು. ಅಲ್ಲಿ "ಲೈನ್ ಖಾಲಿ" ಅನ್ನುವುದಕ್ಕೆ 2600 ಹರ್ಟ್ಸಿನ ಒಂದು ಸದ್ದು, ಅದೂ ಮಾತು ಹೋಗುವ ವೈರಿನಲ್ಲೇ. ಬೆಳಗಿನ ತಿಂಡಿಯ ಸಿರಿಯಲ್ ಡಬ್ಬಿಯ ಜೊತೆ ಬರುತ್ತಿದ್ದ ಆಟದ ಸೀಟಿ ಊದಿದರೂ ಅದೇ ಸದ್ದು! ಸೀಟಿ ಊದಿದರೆ ದೂರದ ಎಕ್ಸ್‌ಚೇಂಜು ಕರೆ ಮುಗಿಯಿತು ಅಂದುಕೊಳ್ಳುತ್ತಿತ್ತು, ಹತ್ತಿರದ್ದು ಇನ್ನೂ ನಡೆಯುತ್ತಿದೆ ಅಂದುಕೊಳ್ಳುತ್ತಿತ್ತು, ಈ ಸಂದಿಯಲ್ಲಿ ಹುಡುಗರು ಬಿಟ್ಟಿಯಾಗಿ ಎಲ್ಲೆಲ್ಲಿಗೋ ಫೋನ್ ಮಾಡಿದರು. ಕೊನೆಗೆ ಮಾತಿಗೊಂದು ದಾರಿ, ಸೂಚನೆಗೆ ಬೇರೆಯೇ ದಾರಿ ಮಾಡಿದ ಎಸ್‌ಎಸ್7 ಪದ್ಧತಿ ಬಂತು. ಅದರಲ್ಲಿ ಕರೆ ಬಿಡುವಾಗ ಕಾರಣದ ನಂಬರೂ ಹೋಗುತ್ತದೆ. 16 ಅಂದರೆ ಸುಮ್ನೆ ಇಟ್ಟರು, 17 ಅಂದರೆ ಆ ಕಡೆ ಬ್ಯುಸಿ.

ಇಂಟರ್ನೆಟ್ ಕರೆಗಳಿಗೆ 1996ರಲ್ಲಿ ಎಚ್.323 ಅನ್ನುವ ನಿಯಮಾವಳಿ ಬಂತು. ಟೆಲಿಫೋನ್ ಇಲಾಖೆಯ ಶಿಸ್ತು ಅದರದ್ದು, ಚಾನೆಲ್ ಮುಚ್ಚು, ಸೆಷನ್ ಮುಗಿಸು, ಆಮೇಲೆ ಬಿಡು. 1999ರ ಸಿಪ್ ಅನ್ನುವ ಇನ್ನೊಂದು ನಿಯಮಾವಳಿ ಅದನ್ನೆಲ್ಲ ಒಂದೇ ಪದಕ್ಕೆ ಇಳಿಸಿತು: ಬೈ. (ಬೈಯುವ ಬೈ ಅಲ್ಲ, ಹೊರಡುವಾಗ ಹೇಳುವ ಬೈ.) ಇಬ್ಬರಲ್ಲಿ ಯಾರು ಬೇಕಾದರೂ ಕಳಿಸಬಹುದು, ಎದುರಿನವರು 200 ಓಕೆ, ಅಂದರೆ "ಸರಿ", ಅನ್ನಬೇಕು. ರಿಂಗ್ ಆಗುವಾಗಲೇ ಇಟ್ಟರೆ ಬೈ ಬದಲು ಸಾಮಾನ್ಯವಾಗಿ ಕ್ಯಾನ್ಸಲ್ ಹೋಗುತ್ತದೆ. 2002ರಲ್ಲಿ ತಿದ್ದಿದ ನಿಯಮದಲ್ಲಿ ನನಗೆ ಇಷ್ಟವಾದ ಮಾತೊಂದಿದೆ. ಬೈಗೆ ಉತ್ತರವೇ ಬರದಿದ್ದರೂ ಕರೆ ಮುಗಿಯಿತು ಅಂತಲೇ ತಿಳಿಯಬೇಕು. ಅತ್ತೆಗೆ ಇದು ಒಪ್ಪಿಗೆಯಾಗಲಿಕ್ಕಿಲ್ಲ.

ಬೈ ಹೇಳದೆಯೇ ಒಬ್ಬರು ಮಾಯವಾದರೆ? ಕುಮಟಾದಿಂದ ಬಸ್ಸಿನಲ್ಲಿ ಶಿರಸಿಗೆ ಬರುತ್ತಾ ದೇವಿಮನೆ ಘಟ್ಟದಲ್ಲಿ ಮಾತಾಡಿ ನೋಡಿ, ಗೊತ್ತಾಗುತ್ತದೆ. ಸಿಗ್ನಲ್ ಹೋದ ಫೋನು ಬೈ ಕಳಿಸುವುದಾದರೂ ಹೇಗೆ? ಮೊದಮೊದಲು ಇಂಥ ಸತ್ತ ಕರೆಗಳು ಸರ್ವರಿನಲ್ಲಿ ಬದುಕಿದಂತೆಯೇ ಉಳಿದು ಬಿಲ್ ಓಡುವ ಭಯವಿತ್ತು. ಅದಕ್ಕೆ 2005ರಲ್ಲಿ ಸೆಷನ್ ಟೈಮರ್ ತಂದರು. ಆಗಾಗ "ಇದ್ದೀಯಾ?" ಅಂತ ವಿಚಾರಿಸಬೇಕು, ಅವಧಿ ಮೀರಿದರೆ ಕರೆ ರದ್ದು. ಸೂಚಿಸಿದ ಅವಧಿ 1800 ಸೆಕೆಂಡು. ಈಗ ನಮ್ಮ ಮೊಬೈಲಿನ ವೋಲ್ಟೆ (4ಜಿ ಮೇಲೆ ಹೋಗುವ) ಕರೆಗಳೂ ಒಳಗೆ ಸಿಪ್ಪೇ. ಸಿಗ್ನಲ್ ಹೋದದ್ದು ತಿಳಿದರೆ ನೆಟ್‌ವರ್ಕಿನ ಸರ್ವರ್ರೇ ನಿಮ್ಮ ಪರವಾಗಿ ಬೈ ಹೇಳಿಬಿಡುತ್ತದೆ.

ಮತ್ತೆ ವಖಾರಿಗೆ ಬರೋಣ. ಅಲ್ಲಿನ ಫೋನೂ ಸಿಪ್ಪೇ. ಲಾಗ್, ಅಂದರೆ ಸಂದೇಶಗಳ ದಾಖಲೆ, ತೆಗೆದರೆ ಬೈ ಕಳಿಸಿದ್ದು ವಖಾರಿಯ ಫೋನೇ! ಕರೆ ಎತ್ತಿದಾಗ ಅದು 200 ಓಕೆ ಅನ್ನುತ್ತದೆ, ಆ ಕಡೆಯಿಂದ "ಕೇಳಿಸಿತು" ಅಂತ ಆ್ಯಕ್ ಬರಬೇಕು. ಆದರೆ ಅದನ್ನು ಕಳಿಸಲು ಫೋನು ಕೊಟ್ಟ ವಿಳಾಸ 192.168 ಅಂತ ಶುರುವಾಗುವ ಮನೆಯೊಳಗಿನ ವಿಳಾಸ. ಪೋಸ್ಟ್‌ಮ್ಯಾನ್‌ಗೆ "ಅಡುಗೆಮನೆ ಪಕ್ಕದ ಕೋಣೆ" ಅಂತಷ್ಟೇ ಬರೆದುಕೊಟ್ಟ ಹಾಗೆ. ಆ್ಯಕ್ ಬರಲೇ ಇಲ್ಲ. ಅರ್ಧ ಸೆಕೆಂಡಿಗೆ ಮತ್ತೆ ಓಕೆ, ಒಂದು ಸೆಕೆಂಡಿಗೆ ಮತ್ತೆ, ಎರಡಕ್ಕೆ, ನಾಲ್ಕಕ್ಕೆ, ಹೀಗೆ ಅರ್ಧ ಸೆಕೆಂಡಿನ 64 ಪಟ್ಟು ಕಾದು ಫೋನು ಕೈಚೆಲ್ಲಿತು. 32 ಸೆಕೆಂಡು.

ಸೆಟ್ಟಿಂಗಿನಲ್ಲಿ ಹೊರಗಿನ ವಿಳಾಸ ಹಾಕಿದೆ, ಸರಿಯಾಯಿತು. ಈಗ ವಖಾರಿಯವರ ದೂರು ಬೇರೆ. ದರ ಕೇಳಿದವರು ಕೊಳೆರೋಗ, ಮಳೆ ಅಂತ ಶುರು ಮಾಡಿದರೆ ಇಡುವುದೇ ಇಲ್ಲವಂತೆ.