ಮನಸ್ಸು ಬರಲಿ ಅಂತ ಕಾಯಬೇಡಿ

ಖಿನ್ನತೆ ಇರುವವರಿಗೆ 'ವ್ಯಾಯಾಮ ಮಾಡಿ' ಎಂದು ಹೇಳುವುದು ಸುಲಭ. ಹಾಸಿಗೆ ಬಿಟ್ಟು ಏಳಲೂ ಆಗದವರಿಗೆ ಅದು ಗಾಯದ ಮೇಲೆ ಬರೆ ಎಳೆದ ಹಾಗೆ. ಈ ಕಾಯಿಲೆ ಮೊದಲು ಕಿತ್ತುಕೊಳ್ಳುವುದೇ ಉತ್ಸಾಹವನ್ನು. ಅದಕ್ಕೇ ನನ್ನ ಹತ್ತಿರ ಬರುವ ಅನೇಕರು ಹೇಳುತ್ತಾರೆ, "ಡಾಕ್ಟ್ರೇ, ಮನಸ್ಸು ಸ್ವಲ್ಪ ಸರಿಹೋಗಲಿ, ಆಮೇಲೆ ವಾಕಿಂಗ್ ಶುರು ಮಾಡ್ತೀನಿ." ನಾನು ಕೇಳಿಕೊಳ್ಳುವುದು ಇದರ ಉಲ್ಟಾ. ಮೊದಲು ಕಾಲು ಹೋಗಲಿ, ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ.

ಇದು ಸುಮ್ನೆ ಧೈರ್ಯಕ್ಕೆ ಹೇಳುವ ಮಾತಲ್ಲ. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಖಿನ್ನತೆ ಇದ್ದ, 50 ದಾಟಿದ 156 ಜನರ ಮೇಲೆ ಒಂದು ಅಧ್ಯಯನ ಮಾಡಿದರು. ಒಂದು ಗುಂಪಿಗೆ ವ್ಯಾಯಾಮ, ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ಎರಡೂ. ಮಾತ್ರೆ ತೆಗೆದುಕೊಂಡವರು ಮೊದಮೊದಲು ಬೇಗ ಸುಧಾರಿಸಿದರು. 16 ವಾರ ಕಳೆಯುವ ಹೊತ್ತಿಗೆ ಮೂರೂ ಗುಂಪುಗಳು ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದವು. ಆದರೆ ಒಂದು ವಿಷಯ ಮರೆಯಬಾರದು. ಅಲ್ಲಿ ಎಲ್ಲರೂ ಸೇರಿ, ತರಬೇತಿ ಕೊಡುವವರ ಮುಂದೆ ವ್ಯಾಯಾಮ ಮಾಡುತ್ತಿದ್ದರು. ಜನರ ಜೊತೆ ಸಿಕ್ಕಿದ್ದಕ್ಕೂ ಒಂದಿಷ್ಟು ಗುಣ ಕಂಡಿರಬಹುದು, ಅಲ್ವಾ? ಹಾಗಿದ್ದರೂ ನನಗೆ ತಕರಾರಿಲ್ಲ. ಜೊತೆಗೊಬ್ಬರು ಇದ್ದರೆ ಒಳ್ಳೆಯದೇ.

ಎಷ್ಟು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ವ್ಯಾಯಾಮ ಬೇಕು ಎನ್ನುತ್ತದೆ. ಸುಸ್ತಾದ ಮನಸ್ಸಿಗೆ ಈ ಲೆಕ್ಕ ಕೇಳಿದರೇ ಭಯ. ಅಂಥವರಿಗೆ ನಾನು ನಾರ್ವೆಯ ಅಧ್ಯಯನದ ಬಗ್ಗೆ ಹೇಳುತ್ತೇನೆ. ಅಲ್ಲಿ ಸುಮಾರು 34,000 ವಯಸ್ಕರನ್ನು 11 ವರ್ಷ ಗಮನಿಸಿದರು. ಎಲ್ಲರೂ ವಾರಕ್ಕೆ ಕನಿಷ್ಠ ಒಂದು ಗಂಟೆ ವ್ಯಾಯಾಮ ಮಾಡಿದ್ದರೆ ಮುಂದೆ ಬಂದ ಖಿನ್ನತೆಯಲ್ಲಿ ಶೇ. 12ರಷ್ಟು ತಪ್ಪುತ್ತಿತ್ತು ಎಂಬುದು ಅವರ ಅಂದಾಜು. ವೇಗ ಜಾಸ್ತಿಯೋ ಕಡಿಮೆಯೋ ಎಂಬುದು ಅಷ್ಟು ಮುಖ್ಯವಾಗಿರಲಿಲ್ಲ. ಏನೂ ಮಾಡದವರು ಸ್ವಲ್ಪ ಮಾಡಿದರೂ ಲಾಭವಿದೆ.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರೆ ಎಲ್ಲರೂ ಎಂಡಾರ್ಫಿನ್ ಅನ್ನುತ್ತಾರೆ, ಅಂದರೆ ನೋವು ಕಡಿಮೆ ಮಾಡಿ ಹಿತ ಕೊಡುವ, ದೇಹವೇ ತಯಾರಿಸುವ ರಾಸಾಯನಿಕ. ರಕ್ತದಲ್ಲಿರುವ ಎಂಡಾರ್ಫಿನ್ ಮಿದುಳಿನೊಳಗೆ ಸುಲಭವಾಗಿ ನುಗ್ಗುವುದಿಲ್ಲ, ಹಾಗಾಗಿ ಕಥೆ ಅಷ್ಟು ಸರಳವಲ್ಲ. ನಿದ್ದೆ ಸುಧಾರಿಸುವುದು, ಒಂದೇ ಚಿಂತೆ ತಲೆಯಲ್ಲಿ ಗಿರಕಿ ಹೊಡೆಯುವುದು ಸ್ವಲ್ಪ ಹೊತ್ತು ನಿಲ್ಲುವುದು, 'ಇವತ್ತು ಒಂದು ಕೆಲಸ ಮುಗಿಸಿದೆ' ಅನ್ನಿಸುವುದು, ಎಲ್ಲವೂ ಸೇರುತ್ತವೆ.

ನನಗೆ ತುಂಬಾ ಇಷ್ಟವಾದ ಉಪಯೋಗ ಬೇರೆಯದು. ಪ್ಯಾನಿಕ್ ಅಟ್ಯಾಕ್ (ಇದ್ದಕ್ಕಿದ್ದಂತೆ ಎರಗುವ ತೀವ್ರ ಭಯ) ಆಗುವವರಿಗೆ ತಮ್ಮ ಎದೆಬಡಿತದ ಮೇಲೇ ಭಯ. ಎದೆ ಹೊಡೆದುಕೊಂಡರೆ ಹಾರ್ಟ್ ಅಟ್ಯಾಕ್, ಉಸಿರು ಹೆಚ್ಚಾದರೆ ಸಾವು ಎಂದೇ ಅವರಿಗೆ ಅನ್ನಿಸುತ್ತದೆ. ಹಾಗಾಗಿ ಮೆಟ್ಟಿಲು ಬಿಡುತ್ತಾರೆ, ಬೇಗ ನಡೆಯುವುದು ಬಿಡುತ್ತಾರೆ. ಬಿಟ್ಟಷ್ಟೂ ಭಯ ಬೆಳೆಯುತ್ತದೆ. ಮೊದಲು ಪರೀಕ್ಷೆ ಮಾಡಿ, ಹೃದಯಕ್ಕೆ ತೊಂದರೆ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತೇವೆ. ಆಮೇಲೆ ಬೇಕಂತಲೇ ಬಿರುಸಾಗಿ ನಡೆಯಲು ಹೇಳುತ್ತೇನೆ. ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ, ನಿಂತರೆ ಐದಾರು ನಿಮಿಷದಲ್ಲಿ ಇಳಿಯುತ್ತದೆ. ಏನೂ ಆಗಲಿಲ್ಲ. ಇದನ್ನು ನಾನು ನೂರು ಸಲ ಬಾಯಲ್ಲಿ ಹೇಳಿದರೂ ನಂಬದವರು, ತಾವೇ ನಾಲ್ಕಾರು ಸಲ ಅನುಭವಿಸಿದಾಗ ನಂಬುತ್ತಾರೆ.

ಶುರು ಮಾಡುವವರಿಗೆ ನಾನು ಚೀಟಿಯಲ್ಲೇ ಬರೆದುಕೊಡುತ್ತೇನೆ: ಯಾವ ಹೊತ್ತು, ಎಲ್ಲಿ, ಹತ್ತು ನಿಮಿಷ. ಹೊರಡುವ ಮುಂಚೆ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ, ಬಂದ ಮೇಲೆ ಎಷ್ಟು ಎಂದು ಬರೆದಿಡಲು ಹೇಳುತ್ತೇನೆ. ಖಿನ್ನತೆಯಲ್ಲಿ ಒಳ್ಳೆಯ ಗಳಿಗೆ ನೆನಪಲ್ಲಿ ಉಳಿಯುವುದಿಲ್ಲ, ಕಾಗದದಲ್ಲಿ ಉಳಿಯುತ್ತದೆ. ತೂಕ ಇಳಿಸುವ ಗುರಿಯನ್ನು ಇದರ ಜೊತೆ ಕಟ್ಟಬೇಡಿ. ತೂಕ ಇಳಿಯದಿದ್ದರೆ ನಡಿಗೆಯೂ ನಿಂತುಹೋಗುತ್ತದೆ. ಎರಡು ದಿನ ತಪ್ಪಿದರೆ ಮೂರನೇ ದಿನ ಹೋಗಿ, ಅಷ್ಟೇ.

ಕೆಲವರಿಗೆ ಈ ಸಲಹೆಯನ್ನು ನಾನು ಹೀಗೇ ಕೊಡುವುದಿಲ್ಲ. ತೂಕದ ಭಯಕ್ಕೆ ಊಟ ಬಿಟ್ಟು ಮೈ ದಂಡಿಸುವ ಕಾಯಿಲೆ (ಈಟಿಂಗ್ ಡಿಸಾರ್ಡರ್) ಇರುವವರಿಗೆ ವ್ಯಾಯಾಮವೇ ರೋಗದ ಭಾಗವಾಗಿರಬಹುದು. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ತುಂಬಾ ಬೆವರು ಹರಿಸಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಅದರ ಪ್ರಮಾಣ ಏರಬಹುದು. ಸಾಯುವ ಯೋಚನೆ ಬರುತ್ತಿದ್ದರೆ ವಾಕಿಂಗ್ ಆಮೇಲೆ, ಮೊದಲು ಇವತ್ತೇ ವೈದ್ಯರ ಹತ್ತಿರ ಹೋಗಿ. ಇನ್ನು, ನಡಿಗೆಯಿಂದ ಹುಷಾರಾದೆ ಎಂದು ಮಾತ್ರೆಯನ್ನು ತಾವೇ ನಿಲ್ಲಿಸಿಬಿಡುವವರು ಬಹಳ. ಕಡಿಮೆ ಮಾಡುವ ಆಸೆ ಇದ್ದರೆ ನಮಗೆ ಹೇಳಿ, ಹಂತ ಹಂತವಾಗಿ ಇಳಿಸೋಣ.