ಉಸ್ತರಾ ಕೊಳ್ಳುವ ಮೊದಲು ಅದರ ಬೆನ್ನು ನೋಡಿ

ಗಡ್ಡ ಬೋಳಿಸುವ ಹಳೇ ಉಸ್ತರಾ ಹಿಡಿದು ನನ್ನ ಅಂಗಡಿಗೆ ಬರುವವರೆಲ್ಲ ಮೊದಲು ಮಾಡುವ ಕೆಲಸ ಒಂದೇ. ಅಂಚಿಗೆ ಹೆಬ್ಬೆರಳು ತಾಗಿಸಿ, "ಧಾರ ಹೋಗೈತಿ ಅಷ್ಟ, ಸ್ವಲ್ಪ ಸಾಣೆ ಹಿಡಿದು ಕೊಡ್ರಿ" ಅನ್ನುತ್ತಾರೆ. ಧಾರ ಹೋಗಿದ್ದರೆ ಅದು ದೊಡ್ಡ ಮಾತೇ ಅಲ್ಲ. ಕಲ್ಲು ಇದೆ, ಚರ್ಮದ ಪಟ್ಟಿ ಇದೆ, ಬರಿಸಬಹುದು. ನಾನು ನೋಡುವುದು ಅದರ ಬೆನ್ನನ್ನು, ಅಂದರೆ ಅಂಚಿನ ಎದುರಿನ ದಪ್ಪ ಬದಿಯನ್ನು. ಬೆನ್ನು ಕೆಟ್ಟಿದ್ದರೆ "ಆಗೋದಿಲ್ರಿ" ಅಂತ ವಾಪಸ್ ಕೊಡುತ್ತೇನೆ. ದುಡ್ಡು ಜಾಸ್ತಿ ಕೇಳೋಕೆ ನಾಟಕ ಮಾಡ್ತಾನೆ ಅಂತ ಅಂದುಕೊಂಡು ಹೋದವರೂ ಇದ್ದಾರೆ.

ಬೆಳಗಾವಿಯಲ್ಲಿ ನನ್ನ ಹೊಟ್ಟೆ ತುಂಬುವುದು ಟೇಲರ್ ಕತ್ತರಿ, ಮಟನ್ ಅಂಗಡಿಯ ಚೂರಿ, ಮನೆಯ ಈಳಿಗೆಗಳಿಂದ. ಸಲೂನಿನವರು ಉಸ್ತರಾ ತರುವುದು ನಿಂತೇ ಹೋಗಿದೆ. ಅವರೆಲ್ಲ ಅರ್ಧ ಬ್ಲೇಡ್ ಸಿಕ್ಕಿಸುವ ಉಸ್ತರಾ ಹಿಡಿದು ಬಹಳ ಕಾಲವಾಯಿತು. ಒಳ್ಳೆಯದೇ ಆಯಿತು. ಒಬ್ಬರ ರಕ್ತ ತಾಗಿದ ಅಲಗು ಇನ್ನೊಬ್ಬರ ಗಲ್ಲಕ್ಕೆ ಹೋದರೆ ಹೆಪಟೈಟಿಸ್ ಬಿ ಅಂಥ ರೋಗ ದಾಟಬಹುದು. ಹಾಗಾಗಿ ಇಲ್ಲಿ ಬರೆಯುತ್ತಿರುವುದು ತಮ್ಮ ಗಡ್ಡ ತಾವೇ ಬೋಳಿಸಿಕೊಳ್ಳುವವರಿಗೆ ಮಾತ್ರ. ಈಗ ಉಸ್ತರಾ ತರುವವರು ಕಾಲೇಜು ಹುಡುಗರು, ಇಲ್ಲವೇ ಅಜ್ಜನ ಪೆಟ್ಟಿಗೆ ತೆರೆದ ಮೊಮ್ಮಕ್ಕಳು.

ಬೆನ್ನಿನ ವಿಷಯ ಮತ್ತೆ ಹೇಳುತ್ತೇನೆ, ಯಾಕೆಂದರೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಚಾಕು ಮಸೆಯುವಾಗ ಕೋನ ಹಿಡಿಯುವುದು ನಿಮ್ಮ ಕೈ. ಉಸ್ತರಾದಲ್ಲಿ ಹಾಗಲ್ಲ. ಅದನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸುತ್ತೇವೆ. ಬೆನ್ನೂ ಕಲ್ಲಿಗೆ ತಾಗಬೇಕು, ಅಂಚೂ ತಾಗಬೇಕು. ಕೋನ ಎಷ್ಟು ಅನ್ನೋದನ್ನು ಬೆನ್ನಿನ ದಪ್ಪ ಮತ್ತು ಅಲಗಿನ ಅಗಲ ಸೇರಿ ಮೊದಲೇ ತೀರ್ಮಾನಿಸಿ ಆಗಿರುತ್ತದೆ. ಅಲಗು 16 ಮಿಲಿಮೀಟರ್ ಅಗಲ, ಬೆನ್ನು ನಾಲ್ಕೂವರೆ ಮಿಲಿಮೀಟರ್ ದಪ್ಪ ಇದ್ದರೆ ಕೋನ ಸುಮಾರು 16 ಡಿಗ್ರಿ ಬರುತ್ತದೆ. ಗಡ್ಡಕ್ಕೆ ಅದು ಸರಿ. ಯಾರೋ ಉಜ್ಜಿ ಉಜ್ಜಿ ಅಲಗನ್ನು 14ಕ್ಕೆ ಇಳಿಸಿದರೆ ಕೋನ ಹದಿನೆಂಟೂವರೆ ಹತ್ತಿರ ಹೋಗುತ್ತದೆ, ಕೂದಲು ಎಳೆಯುತ್ತದೆ. ಬೆನ್ನೇ ಸವೆದರೆ ಉಲ್ಟಾ. ಕೋನ ಸಣ್ಣದಾಗಿ ಅಂಚು ತೀರಾ ತೆಳುವಾಗುತ್ತದೆ, ಚೂರು ಚೂರು ಹಾರಲು ಶುರುವಾಗುತ್ತದೆ. ಬೆನ್ನು ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ತೆಳು ಇದ್ದರಂತೂ ಒಂದೇ ಉಸ್ತರಾದಲ್ಲಿ ಎರಡು ಕೋನ. ಅಂಥದ್ದಕ್ಕೆ ಎಂಥ ಕಲ್ಲು ತಂದರೂ ಸಮ ಧಾರ ಕೂರುವುದಿಲ್ಲ.

ಅಗ್ಗದ ಹೊಸ ಉಸ್ತರಾಗಳ ಕತೆ ಬಹುಪಾಲು ಇದೇ. ಒಬ್ಬ ಎಂಜಿನಿಯರಿಂಗ್ ಹುಡುಗ ಆನ್‌ಲೈನಿನಲ್ಲಿ ತರಿಸಿದ್ದನ್ನು ಹಿಡಿದು ಬಂದ. ಅಲಗಿನ ತುಂಬ ಡಮಾಸ್ಕಸ್ ಉಕ್ಕಿನಂತೆ, ಅಂದರೆ ಬೇರೆ ಬೇರೆ ಉಕ್ಕಿನ ಪದರ ಬೆಸೆದು ಮಾಡಿದ್ದರಂತೆ, ಅಲೆ ಅಲೆ ಚಿತ್ತಾರ. "ಕಾಕಾ, ಹೆಂಗ್ ಮಿಂಚ್ತೈತಿ ನೋಡ್ರಿ!" ಅಂದ. ಚಿತ್ತಾರ ಆಸಿಡ್‌ನಲ್ಲಿ ಬರೆದದ್ದು, ನಿಜದ ಡಮಾಸ್ಕಸ್ ಅಲ್ಲ. ಅದನ್ನು ಹೇಳಿ ಅವನ ಮನಸ್ಸು ಮುರಿಯೋದು ಬೇಡ ಅನ್ನಿಸಿತು. ಉದ್ಯಮಬಾಗದ ಕಾರ್ಖಾನೆಯಲ್ಲಿ ಟ್ರೇನಿಂಗ್ ಮಾಡುತ್ತಿದ್ದವನು, ಹಾಗಾಗಿ ದಪ್ಪ ಅಳೆಯುವ ವರ್ನಿಯರ್ ಕೈಗೆ ಕೊಟ್ಟು ಬೆನ್ನನ್ನು ಮೂರು ಕಡೆ ಅಳೆಯಲು ಹೇಳಿದೆ. ಅಳೆದ, ಸುಮ್ಮನಾದ. ಉಕ್ಕೂ ಮೆತ್ತಗೆ ಇತ್ತು. ಗಡ್ಡದ ಉಸ್ತರಾದ ಉಕ್ಕು ರಾಕ್‌ವೆಲ್ ಅಳತೆಯಲ್ಲಿ 60ರ ಆಸುಪಾಸು ಗಟ್ಟಿ ಇರಬೇಕು. ಅದು ಇಲ್ಲದಿದ್ದರೆ ಬೆಳಿಗ್ಗೆ ಕೂರಿಸಿದ ಧಾರ ಒಂದು ಗಲ್ಲ ಮುಗಿಯುವಷ್ಟರಲ್ಲಿ ಮಡಚಿಕೊಳ್ಳುತ್ತದೆ.

ಎಲ್ಲ ಅಗ್ಗದ್ದೂ ಕೆಟ್ಟದ್ದು ಅಂತ ನಾನು ಹೇಳಲಾರೆ. ಚೀನಾದಿಂದ ಬರುವ ಕೆಲವುದರ ಉಕ್ಕು ಚೆನ್ನಾಗಿಯೇ ಇದೆ. ಆದರೆ ಹಿಡಿಯ ಹತ್ತಿರ ಅಲಗು ದಪ್ಪ ಬಿಟ್ಟಿರುತ್ತಾರೆ, ಅದೇ ಕಲ್ಲಿಗೆ ತಾಗಿ ಉಳಿದದ್ದನ್ನು ಎತ್ತಿ ಹಿಡಿಯುತ್ತದೆ. ಆ ದಪ್ಪವನ್ನು ನಿಧಾನವಾಗಿ ಸವೆಸಬೇಕು. ಕೂಲಿ ಲೆಕ್ಕ ಹಾಕಿದರೆ ಉಸ್ತರಾದ ಬೆಲೆಗಿಂತ ಜಾಸ್ತಿ ಆಗುತ್ತದೆ. ಕಲಿಯುವ ಆಸೆ ಇದ್ದವರು ಮಾಡಲಿ, ಬೇಡ ಅನ್ನುವುದಿಲ್ಲ.

ನನ್ನ ಪ್ರೀತಿ ಹಳೆಯದರ ಮೇಲೆ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್, ಈ ಎರಡು ಊರಿನ ಮಾಲು ಇನ್ನೂ ನಮ್ಮ ಕಡೆಯ ಪೆಟ್ಟಿಗೆಗಳಲ್ಲಿ ಸಿಗುತ್ತದೆ. ಸೋಲಿಂಗೆನ್ ಹೆಸರಿಗೆ ಜರ್ಮನಿಯಲ್ಲಿ 1938ರಿಂದಲೇ ಕಾನೂನಿನ ಕಾವಲಿದೆ. ಹಾಗಂತ ಹೆಸರು ಕೊರೆದದ್ದೆಲ್ಲ ಅಲ್ಲಿಯದೇ ಅಂತ ನಂಬಬೇಡಿ, ಕೊರೆಯುವುದಕ್ಕೆ ಏನು? ಹಿಡಿ ಆನೆದಂತ ಅಂತ ಯಾರಾದರೂ ಬೆಲೆ ಏರಿಸಿದರೆ ಎದ್ದು ಬನ್ನಿ. ಬಹುಪಾಲು ಅದು ಮೂಳೆ ಅಥವಾ ಸೆಲ್ಯುಲಾಯ್ಡ್ ಅನ್ನೋ ಹಳೇ ಕಾಲದ ಪ್ಲಾಸ್ಟಿಕ್. ನಿಜವಾಗಿ ದಂತವೇ ಆಗಿದ್ದರೆ ಮಾರುವುದೂ ಕೊಳ್ಳುವುದೂ ಅಪರಾಧ. ಸೆಲ್ಯುಲಾಯ್ಡ್‌ಗೂ ಒಂದು ರೋಗ ಇದೆ. ಹಳೆಯದಾದಂತೆ ಅದು ಒಳಗೇ ಕೊಳೆತು ಆಮ್ಲ ಬಿಡುತ್ತದೆ, ಮಡಚಿಟ್ಟ ಅಲಗಿಗೆ ತುಕ್ಕು ಹತ್ತುತ್ತದೆ.

ತುಕ್ಕಿಗೆ ಜನ ಸುಮ್ನೆ ಹೆದರುತ್ತಾರೆ. ಅಲಗಿನ ನಡುವೆ, ಬೆನ್ನ ಮೇಲೆ ಕಪ್ಪು ಕಲೆ ಇದ್ದರೆ ಇರಲಿ, ಗಡ್ಡಕ್ಕೆ ಅದರಿಂದ ಏನೂ ಆಗುವುದಿಲ್ಲ. ಅಂಚಿನ ಹತ್ತಿರ ಸೂಜಿ ಚುಚ್ಚಿದಂಥ ಗುಂಡಿಗಳಿದ್ದರೆ ಮಾತ್ರ ಕೈಬಿಡಿ. ಮಸೆದಷ್ಟೂ ಹೊಸ ಗುಂಡಿ ಬಾಯಿ ತೆರೆಯುತ್ತದೆ. ಕೂದಲೆಳೆ ಬಿರುಕಿದ್ದರೂ ಅಷ್ಟೇ. ಆಮೇಲೆ ಒಂದು ಸಪಾಟು ಗಾಜಿನ ಮೇಲೆ ಮಲಗಿಸಿ, ತುದಿಗಳನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಟಕ್ ಟಕ್ ಅಂತ ಅಲುಗಾಡಿದರೆ ಸೊಟ್ಟ ಇದೆ ಅಂತ ಅರ್ಥ. ತಿರುಗಿಸಿ ಇನ್ನೊಂದು ಮಗ್ಗುಲೂ ನೋಡಿ. ಬೆನ್ನಿನ ಸವೆತದ ಪಟ್ಟಿ ಸಣ್ಣಗೆ, ಉದ್ದಕ್ಕೂ ಒಂದೇ ಅಗಲ ಇರಬೇಕು. ಇಷ್ಟು ನೋಡಲು ನನ್ನಂಥವನು ಬೇಕಾಗಿಲ್ಲ ಅಲ್ವಾ?

ಇನ್ನೊಂದು ಕೈಮುಗಿದು ಕೇಳುತ್ತೇನೆ. ಉಸ್ತರಾವನ್ನು ತಿರುಗುವ ಸಾಣೆ ಚಕ್ರಕ್ಕೆ ಕೊಡಬೇಡಿ. ಚಕ್ರ ಹಿಡಿದವನು ಒಳ್ಳೆಯವನೇ ಇರಬಹುದು. ಆದರೆ ಅಂಚು ಕಾಗದಕ್ಕಿಂತ ತೆಳು, ಕ್ಷಣದಲ್ಲಿ ಕಾಯುತ್ತದೆ. ನೀಲಿ ಬಣ್ಣ ಬಂತು ಅಂದರೆ 300 ಡಿಗ್ರಿ ಮುಟ್ಟಿದೆ, ಉಕ್ಕಿನ ಗಟ್ಟಿತನ ಹೋಯಿತು. ಜಮಖಂಡಿ ಕಡೆಯ ಹಿರಿಯರೊಬ್ಬರು ತಂದೆಯ ಶೆಫೀಲ್ಡ್ ಉಸ್ತರಾವನ್ನು ಜಾತ್ರೆಯಲ್ಲಿ ಹೀಗೇ ಚಕ್ರಕ್ಕೆ ಹಿಡಿಸಿ ತಂದರು. ಕನ್ನಡಿಯಂತೆ ಹೊಳೆಯುತ್ತಿತ್ತು. ಹತ್ತು ರೂಪಾಯಿಗೆ ಆ ಕೆಲಸ ಆಯಿತಂತೆ. ನನಗೆ ಅಳು ಬರುವುದೊಂದು ಬಾಕಿ.

ಖರ್ಚಿನ ಮಾತು. ಮನೆಯಲ್ಲೇ ಮಾಡುತ್ತೇನೆ ಅನ್ನುವವರಿಗೆ 1000, 4000, 8000 ನಂಬರಿನ ಕಲ್ಲುಗಳು ಬೇಕು (ನಂಬರ್ ಏರಿದಷ್ಟೂ ಕಲ್ಲು ನುಣುಪು), ಮೇಲೆ ಚರ್ಮದ ಪಟ್ಟಿ. ಅಗ್ಗದ ಉಸ್ತರಾ ಅಂತ ಶುರು ಮಾಡಿದ್ದು ಸಾವಿರಗಳಿಗೆ ಹೋಗಿ ನಿಲ್ಲುತ್ತದೆ. ಹಾಗಾಗಿ ಮೊದಲ ಉಸ್ತರಾ ಹಳೆಯದಿರಲಿ, ಬೆನ್ನು ನೆಟ್ಟಗಿರಲಿ, ಮಸೆಯುವ ಕೆಲಸ ಗೊತ್ತಿದ್ದವರಿಗೆ ಬಿಡಿ.

ಮತ್ತೆ ಎಣ್ಣೆ. ಬೆಳಗಾವಿ ಮಳೆಗಾಲದಲ್ಲಿ ಒರೆಸದೆ ಇಟ್ಟರೆ ರಾತ್ರಿ ಕಳೆಯುವುದರಲ್ಲಿ ತುಕ್ಕು. ವಿಜಯಪುರದ ಒಣ ಹವೆಯಿಂದ ಬಂದ ಉಸ್ತರಾಗಳು ಇದಕ್ಕಿಂತ ಸ್ವಚ್ಛ ಇರುತ್ತವೆ, ಆದರೆ ಅಲ್ಲಿಯವರು ಪ್ರೀತಿಯಿಂದ ಕುಸುಬಿ ಎಣ್ಣೆ ಸವರಿಟ್ಟಿರುತ್ತಾರೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅರಗಿನಂತೆ ಗಟ್ಟಿಯಾಗುತ್ತದೆ. ಒಂದು ಉಸ್ತರಾವಂತೂ ಹಿಡಿಗೆ ಅಂಟಿಕೊಂಡು ತೆರೆಯಲೇ ಇಲ್ಲ. ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಿ ಬಿಡಿಸಿದೆ. ಒಳಗೆ ಅಲಗು ಮಾತ್ರ ಹೊಸದರ ಹಾಗಿತ್ತು. ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಸಾಕು, ಒರೆಸಿ ಒಣಗಿಸಿದ ಮೇಲೆ.