ನವಸಾಕ್ಷರರಿಗಾಗಿ ಕಥೆ ಬರೆಯುವುದು: ಕಿವಿಗೆ ಸುಲಭವಾದದ್ದು, ಕಣ್ಣಿಗೆ ಸುಲಭವಾದದ್ದು

1988ರ ಮೇ ತಿಂಗಳಿನಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದ ಮೇಲೆ ವಯಸ್ಕರ ಕಲಿಕೆಯನ್ನು ಮೂರು ಭಾಗಗಳ ವಾಚಕಗಳಲ್ಲಿ, ಎಂದರೆ ಪಾಠಪುಸ್ತಕಗಳಲ್ಲಿ, ಹಂಚಲಾಯಿತು. 1990ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡ ಮತ್ತು ಬಿಜಾಪುರ ಜಿಲ್ಲೆಗಳಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನಗಳು ನಡೆದವು. ಆದರೂ 2011ರ ಜನಗಣತಿಯ ವೇಳೆಗೆ ಕರ್ನಾಟಕದಲ್ಲಿ ಏಳು ವರ್ಷ ತುಂಬಿದ ಹೆಂಗಸರಲ್ಲಿ ನೂರಕ್ಕೆ ಸುಮಾರು 32 ಮಂದಿ ಓದು ಬರಹ ಬಾರದವರಾಗಿಯೇ ಇದ್ದರು. ಮೂರನೆಯ ವಾಚಕವನ್ನು ಮುಗಿಸಿದವರ ಮುಂದೆಯೂ ಒಂದು ತೊಂದರೆ ಉಳಿಯುತ್ತದೆ. ಓದಲು ಏನೂ ಸಿಗದಿದ್ದರೆ ಕಲಿತ ಅಕ್ಷರಗಳು ಒಂದೆರಡು ವರ್ಷಗಳಲ್ಲಿ ಮಾಸಿಹೋಗುತ್ತವೆ. ನವಸಾಕ್ಷರರಿಗಾಗಿ ಬರೆಯುವ ಸಣ್ಣ ಕಥೆಯ ಅಗತ್ಯ ಹುಟ್ಟುವುದು ಇಲ್ಲಿಯೇ. ಅಂತಹ ಕಥೆಯನ್ನು ಬರೆಯಲು ಹೊರಟ ನಮ್ಮಂಥವರಿಗೆ ಮೊದಲು ತಿಳಿದಿರಬೇಕಾದ ಸಂಗತಿಯೊಂದಿದೆ: ಕನ್ನಡದಲ್ಲಿ ಕಿವಿಗೆ ಸುಲಭವಾದದ್ದು ಕಣ್ಣಿಗೂ ಸುಲಭವಾಗಿರಬೇಕೆಂದೇನೂ ಇಲ್ಲ.

ಒತ್ತಕ್ಷರಗಳಿಂದ ಆರಂಭಿಸೋಣ. ಅಕ್ಕ, ಹಳ್ಳಿ, ಕಬ್ಬು ಮುಂತಾದ ಪದಗಳಲ್ಲಿರುವುದು ಸಜಾತೀಯ ಒತ್ತು. ಒಂದೇ ವ್ಯಂಜನ ಎರಡು ಬಾರಿ ಬರುವುದರಿಂದ ಒತ್ತಿನ ಆಕಾರ ಸರಿಯಾಗಿ ನೆನಪಿಗೆ ಬಾರದಿದ್ದರೂ ಓದುಗರು ಊಹಿಸಿಕೊಂಡು ಮುಂದೆ ಹೋಗಬಲ್ಲರು. ರೇಷ್ಮೆ, ವೈದ್ಯ, ರಾಷ್ಟ್ರ ಮುಂತಾದ ಪದಗಳಲ್ಲಿರುವುದು ಬೇರೆ ಬೇರೆ ವ್ಯಂಜನಗಳು ಕೂಡಿದ ವಿಜಾತೀಯ ಒತ್ತು, ಅಲ್ಲಿ ಈ ಊಹೆ ನಡೆಯುವುದಿಲ್ಲ. ತ, ನ, ಮ, ಯ, ರ, ಲ ಎಂಬ ಅಕ್ಷರಗಳ ಒತ್ತುಗಳಂತೂ ಮೂಲ ಅಕ್ಷರವನ್ನು ಹೋಲುವುದೇ ಇಲ್ಲವಾದ್ದರಿಂದ ಅವುಗಳನ್ನು ಬೇರೆಯೇ ಅಕ್ಷರಗಳೆಂಬಂತೆ ಕಲಿಯಬೇಕಾಗುತ್ತದೆ. ಇವೆಲ್ಲಕ್ಕಿಂತ ಕಠಿಣವಾದದ್ದು ಅರ್ಕಾವತ್ತು. ‘ಸೂರ್ಯ’ ಎಂಬ ಪದದಲ್ಲಿ ರಕಾರದ ಉಚ್ಚಾರ ಮೊದಲು ಬರುತ್ತದೆ, ಅದರ ಗುರುತು ಮಾತ್ರ ಯಕಾರದ ನಂತರ ಬರುತ್ತದೆ. ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರವನ್ನು ಬೆರಳಿಟ್ಟು ಓದುತ್ತಿರುವವರು ಈ ಗುರುತನ್ನು ಕಂಡೊಡನೆ ಹಿಂದಕ್ಕೆ ಸರಿದು ಪದವನ್ನು ಮತ್ತೆ ಕಟ್ಟಿಕೊಳ್ಳಬೇಕಾಗುತ್ತದೆ.

ಸರಳವಾಗಿ ಬರೆಯಬೇಕೆಂದುಕೊಂಡ ಲೇಖಕರು ಸಾಮಾನ್ಯವಾಗಿ ಆಡುಮಾತಿನ ಮೊರೆ ಹೋಗುತ್ತಾರೆ. ಈ ಆಶಯ ಒಳ್ಳೆಯದೇ. ಆದರೆ ಆಡುಮಾತಿನಲ್ಲಿ ಪದದ ನಡುವಿನ ಸ್ವರಗಳು ಬಿದ್ದುಹೋಗುತ್ತವೆ, ಸ್ವರ ಬಿದ್ದ ಕಡೆಯಲ್ಲೆಲ್ಲ ಬರಹದಲ್ಲಿ ವಿಜಾತೀಯ ಒತ್ತು ಹುಟ್ಟಿಕೊಳ್ಳುತ್ತದೆ. ‘ಬರುತ್ತಾನೆ’ ಎಂಬಲ್ಲಿ ಇರುವುದು ಸಜಾತೀಯ ಒತ್ತು ಮಾತ್ರ. ಅದನ್ನೇ ‘ಬರ್ತಾನೆ’ ಎಂದು ಬರೆದರೆ ಅರ್ಕಾವತ್ತು ಬಂದು ಕುಳಿತುಕೊಳ್ಳುತ್ತದೆ. ‘ಹೋಗಬೇಕು’ ಎಂಬುದರಲ್ಲಿ ಒತ್ತೇ ಇಲ್ಲ, ‘ಹೋಗ್ಬೇಕು’ ಎಂಬುದರಲ್ಲಿ ಇದೆ. ಓದುಗರು ದಿನವೂ ಆಡುವ ಮಾತೇ ಕಾಗದದ ಮೇಲೆ ಅವರಿಗೆ ಅಪರಿಚಿತವಾಗಿ ಕಾಣುವುದಕ್ಕೆ ಇದೇ ಕಾರಣ. ನನಗೆ ಸರಿಕಂಡಿರುವ ದಾರಿ ಹೀಗಿದೆ: ಕ್ರಿಯಾಪದಗಳನ್ನು ತುಂಬುರೂಪದಲ್ಲಿಯೇ ಇಟ್ಟು, ಆಡುಮಾತಿನ ಸೊಗಸನ್ನು ಅವ್ವ, ಕಣೇ, ಪೆಟ್ಟಿಗೆ, ಹಟ್ಟಿ ಮುಂತಾದ ಪದಗಳಿಂದಲೂ ವಾಕ್ಯದ ಲಯದಿಂದಲೂ ತರಬೇಕು.

ಮಹಾಪ್ರಾಣಗಳದ್ದು ಇನ್ನೊಂದು ಬಗೆಯ ತೊಡಕು. ಹಳ್ಳಿಯ ಮಾತಿನಲ್ಲಿ ಅವು ಹೆಚ್ಚಾಗಿ ಕೇಳಿಸುವುದಿಲ್ಲ. ಹಳೆಯ ಮೈಸೂರಿನ ಹಲವು ಕಡೆಗಳಲ್ಲಿ ‘ಹಾಲು’ ಕೂಡ ‘ಆಲು’ ಆಗುತ್ತದೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಮಹಾಪ್ರಾಣಗಳನ್ನು ಬರಹದಿಂದಲೇ ಬಿಡಬೇಕೆಂದು ವಾದಿಸಿದ್ದಾರೆ. ಕಥೆಗಾರರು ಅಷ್ಟು ದೂರ ಹೋಗಬೇಕಾಗಿಲ್ಲ. ಬಸ್ಸಿನ ಫಲಕದಲ್ಲಿಯೂ ಪತ್ರಿಕೆಯಲ್ಲಿಯೂ ಓದುಗರಿಗೆ ಆ ಅಕ್ಷರಗಳು ಎದುರಾಗುತ್ತವೆಯಾದ್ದರಿಂದ ಅವುಗಳನ್ನು ಮುಚ್ಚಿಡುವುದು ತರವಲ್ಲ, ಮೊದಲ ಪುಟದಲ್ಲಿಯೇ ಸುರಿಯದಿದ್ದರೆ ಸಾಕು.

ಪದಗಳ ಉದ್ದದ ಬಗೆಗೂ ಎಚ್ಚರ ಬೇಕು. ಚಿಕ್ಕ ವಾಕ್ಯವೆಂದರೆ ಸುಲಭ ವಾಕ್ಯವೆಂಬ ಅಳತೆ ನಮ್ಮ ಭಾಷೆಗೆ ಪೂರ್ತಿಯಾಗಿ ಹೊಂದುವುದಿಲ್ಲ. ‘ಹೋಗಬೇಕೆಂದುಕೊಂಡಿದ್ದಳು’ ಎಂಬುದು ಒಂದೇ ಪದ, ಆದರೆ ಒಂಬತ್ತು ಅಕ್ಷರಗಳನ್ನು ಕೂಡಿಸಿ ಓದುವಷ್ಟರಲ್ಲಿ ಮೊದಲಿನ ಮೂರು ಮರೆತುಹೋಗಿರುತ್ತವೆ. ಸಂಧಿಯನ್ನು ಬಿಡಿಸಿ ‘ಹೋಗಬೇಕು ಅಂದುಕೊಂಡಿದ್ದಳು’ ಎಂದು ಬರೆದರೆ ಕಣ್ಣಿಗೆ ನಡುವೆ ವಿಶ್ರಾಂತಿ ದೊರೆಯುತ್ತದೆ. ಪಾತ್ರದ ಹೆಸರು ಕಥೆಯುದ್ದಕ್ಕೂ ಮರಳಿ ಬರುವ ಪದವಾದ್ದರಿಂದ ಲಕ್ಷ್ಮವ್ವನ ಬದಲು ನೀಲವ್ವನನ್ನು, ಕೃಷ್ಣಪ್ಪನ ಬದಲು ಬಸವನನ್ನು ಆರಿಸಿಕೊಳ್ಳುವುದು ಮೇಲು. ರಾಮಪ್ಪ, ರಾಜಪ್ಪ ಎಂಬ ಇಬ್ಬರನ್ನು ಒಂದೇ ಕಥೆಯಲ್ಲಿ ತರಬಾರದು.

ಇನ್ನು ಕಥೆಯ ವಸ್ತು. ನವಸಾಕ್ಷರರು ಹೊಸಬರಾಗಿರುವುದು ಅಕ್ಷರಕ್ಕೆ ಮಾತ್ರ, ಬದುಕಿಗಲ್ಲ. ಸಾಲ ತೀರಿಸಿದವರು, ಹೆರಿಗೆ ಮಾಡಿಸಿದವರು, ಜಮೀನಿನ ಬದುವಿಗಾಗಿ ಅಣ್ಣತಮ್ಮಂದಿರೊಡನೆ ಜಗಳವಾಡಿದವರು, ರಾತ್ರಿಯಿಡೀ ಹಾಡಬಲ್ಲಷ್ಟು ಹಾಡುಗಳನ್ನು ಬಾಯಿಪಾಠವಾಗಿ ಬಲ್ಲವರು ಅವರಲ್ಲಿದ್ದಾರೆ. ಅಂಥವರ ಕೈಗೆ ಮೊಲ ಆಮೆಗಳ ಕಥೆಯನ್ನು ಕೊಡುವುದನ್ನು ನಾನು ಅಗೌರವವೆಂದೇ ಭಾವಿಸುತ್ತೇನೆ. ಓದು ಕಲಿತು ಉದ್ಧಾರವಾದವಳ ಕಥೆಯೂ ಬಹಳ ಸವೆದಿದೆ. ಹೆಬ್ಬೆಟ್ಟು ಒತ್ತುತ್ತಿದ್ದವಳು ಸಹಿ ಹಾಕುವಲ್ಲಿಗೆ ಅದು ಮುಗಿಯುತ್ತದೆಯೆಂದು ಓದುಗರಿಗೆ ಮೊದಲ ಸಾಲಿನಲ್ಲಿಯೇ ಗೊತ್ತಾಗಿಬಿಡುತ್ತದೆ. ಕಷ್ಟಪಟ್ಟು ಮುಂದಿನ ಸಾಲಿಗೆ ಹೋಗುವಂತೆ ಮಾಡುವುದು ಮುಂದೇನಾಯಿತು ಎಂಬ ಕುತೂಹಲವೇ ಹೊರತು ಉಪದೇಶವಲ್ಲ. ಗಾದೆ, ಒಗಟುಗಳ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಗೊತ್ತಿರುವ ಗಾದೆಯನ್ನು ಓದುಗರು ಮೊದಲೆರಡು ಅಕ್ಷರ ನೋಡಿ ಉಳಿದದ್ದನ್ನು ನೆನಪಿನಿಂದ ಹೇಳಿಬಿಡುತ್ತಾರೆ. ಧೈರ್ಯ ತುಂಬಲು ಅದು ಸಹಾಯಕ, ಓದಿನ ಅಭ್ಯಾಸಕ್ಕೆ ಸಾಲದು.

ಒಂದು ಉದಾಹರಣೆಯನ್ನು ನೋಡೋಣ. ಕಥೆಯ ಮೊದಲ ಕರಡು ಹೀಗಿತ್ತೆಂದು ಇಟ್ಟುಕೊಳ್ಳಿ: “ತಾಯಿಯ ನಿಧನಾನಂತರ ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದೇ ರೇಷ್ಮೆ ಸೀರೆಯನ್ನು ಯಾರು ತೆಗೆದುಕೊಳ್ಳಬೇಕೆಂಬ ವಿಷಯದಲ್ಲಿ ಅಕ್ಕತಂಗಿಯರ ನಡುವೆ ವೈಮನಸ್ಯವುಂಟಾಯಿತು.” ಇದನ್ನು ಹೀಗೆ ತಿದ್ದಬಹುದು: “ಅವ್ವ ತೀರಿಕೊಂಡಳು. ಪೆಟ್ಟಿಗೆಯಲ್ಲಿ ಒಂದು ಸೀರೆ ಇತ್ತು. ಒಂದೇ ಸೀರೆ. ಮಕ್ಕಳು ಇಬ್ಬರು. ಅಕ್ಕ ಸೀರೆ ಮುಟ್ಟಲಿಲ್ಲ. ತಂಗಿಯೂ ಮುಟ್ಟಲಿಲ್ಲ.” ತಿದ್ದಿದ ಸಾಲುಗಳಲ್ಲಿ ವಿಜಾತೀಯ ಒತ್ತಾಗಲಿ ಮಹಾಪ್ರಾಣವಾಗಲಿ ಒಂದೂ ಇಲ್ಲ. ‘ಸೀರೆ’ ಮೂರು ಬಾರಿ ಬಂದಿರುವುದರಿಂದ ಮೂರನೆಯ ಸಲ ಅದನ್ನು ಅಕ್ಷರ ಕೂಡಿಸದೆ ಇಡಿಯಾಗಿ ಗುರುತಿಸಬಹುದು. ಇಷ್ಟಾದರೂ ಕಥೆ ಬಡವಾಗಿಲ್ಲ. ‘ವೈಮನಸ್ಯ’ ಎಂಬ ಪದ ತಾನೇ ಹೇಳಿ ಮುಗಿಸಿದ್ದನ್ನು ಈಗ ಇಬ್ಬರು ಹೆಂಗಸರ ಸುಮ್ಮನಿರುವ ಕೈಗಳಲ್ಲಿ ಓದುಗರೇ ಕಾಣಬೇಕಾಗಿದೆ, ಮತ್ತು ಹಾಗೆ ಕಾಣುವುದರಲ್ಲಿ ಅವರು ನಮಗಿಂತ ಪಳಗಿದವರು.

ಪುಟವನ್ನು ಜೋಡಿಸುವಾಗ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಬೇಕು, ಏಕೆಂದರೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಗುಲಿದರೆ ಯಾವ ಗುರುತು ಯಾವ ಸಾಲಿನದೆಂದು ತಿಳಿಯುವುದಿಲ್ಲ. ಸಾಲಿನ ಕೊನೆಯಲ್ಲಿ ಪದವನ್ನು ಒಡೆಯಬಾರದು.

ಬರೆದದ್ದನ್ನು ಪರೀಕ್ಷಿಸುವ ಬಗೆ ಒಂದೇ. ಕಲಿಯುತ್ತಿರುವವರ ಪಕ್ಕದಲ್ಲಿ ಕುಳಿತು, ನಡುವೆ ತಿದ್ದದೆ, ಅವರ ಬೆರಳು ಎಲ್ಲಿ ನಿಲ್ಲುತ್ತದೆಯೆಂದು ನೋಡುವುದು. ಬೆರಳು ಅಕ್ಷರದ ಮೇಲೆ ನಿಂತು ತುಟಿ ತಡವರಿಸಿದರೆ ಆ ಪದವನ್ನು ಬದಲಿಸಬೇಕು. ಬೆರಳು ನಿಂತು ತಲೆ ಮೇಲೆದ್ದು, ಸೀರೆ ಯಾರಿಗೆ ಸೇರಬೇಕೆಂದು ಓದುಗರು ಪಕ್ಕದವರನ್ನು ಕೇಳಿದರೆ ಆ ಸಾಲನ್ನು ಮುಟ್ಟಬಾರದು.